ಎಎಂ ಸಾಕಾ, ಎಸ್‌ಎಸ್‌ಬಿ ಬೇಕಾ? ಸಿಬಿ ರೇಡಿಯೊ ಕೊಳ್ಳುವ ಮುಂಚೆ

ಹೋದ ತಿಂಗಳು ಗಂಗಾವತಿಯ ರೈಸ್‌ಮಿಲ್ ಒಂದರ ಯಜಮಾನರ ಮಗ ಮನೆಗೆ ಬಂದಿದ್ದ. ಕೂತವನೇ ಮೊಬೈಲ್ ತೆಗೆದು ಒಂದು ಸಿಬಿ (ಸಿಟಿಜನ್ ಬ್ಯಾಂಡ್, ಅಂದರೆ ಜನಸಾಮಾನ್ಯರು ಮಾತಾಡಿಕೊಳ್ಳುವ) ರೇಡಿಯೊ ಸೆಟ್ಟಿನ ಚಿತ್ರ ತೋರಿಸಿದ. "ಅಣ್ಣಾ, ಇದರಾಗ ಎಸ್‌ಎಸ್‌ಬಿ ಐತಂತ. ತಗೊಳ್ಳಲೇನು?" ಎಎಂ, ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್) ಎರಡೂ ರೇಡಿಯೊದಲ್ಲಿ ಧ್ವನಿ ಕಳಿಸುವ ವಿಧಾನಗಳು. ಅವನಿಗೆ ಬೇಕಾದದ್ದು ಇಷ್ಟೇ. ಮಿಲ್ಲಿನಿಂದ ತೂಕದ ಕಾಟಾಕ್ಕೆ, ಕಾಟಾದಿಂದ ಒಂದೂವರೆ ಕಿಲೋಮೀಟರ್ ಆಚೆಯ ಗೋದಾಮಿಗೆ ಮಾತು ಹೋಗಬೇಕು.

ಅದೇ ವಾರ ಕೊಪ್ಪಳದಿಂದ ಒಬ್ಬರು ಫೋನ್ ಮಾಡಿದರು. ಗವಿಮಠದ ಜಾತ್ರೆಯಲ್ಲಿ ಸೇವೆಗೆ ನಿಲ್ಲುವ ಹುಡುಗರ ಗುಂಪು ಅವರದು. ಜಾತ್ರೆಯ ದಿನ ಮೊಬೈಲ್ ಹತ್ತೋದೇ ಇಲ್ಲ, ರೇಡಿಯೊ ಬೇಕು ಅಂದರು. ಮೂರನೆಯವನು ರಾಯಚೂರಿನ ಇಂಜಿನಿಯರಿಂಗ್ ಹುಡುಗ. ಅವನಿಗೆ ಯಾರ ಹತ್ತಿರವೂ ಕೆಲಸವಿಲ್ಲ, ಸುಮ್ನೆ ದೂರದವರ ಜೊತೆ ಮಾತಾಡಬೇಕು. ಯಾವುದೋ ವಿಡಿಯೊ ನೋಡಿ ಅವನಿಗೂ ಎಸ್‌ಎಸ್‌ಬಿ ತಲೆಗೆ ಹತ್ತಿತ್ತು.

ಮೂವರಿಗೂ ಒಂದೊಂದು ಉತ್ತರ ಹೇಳಿದೆ. ಮೂವರೂ ಮುಖ ಸಣ್ಣ ಮಾಡಿಕೊಂಡರು. ಹಾಗೆ ಯಾಕೆ ಹೇಳಿದೆ ಅನ್ನೋದನ್ನ ಒಂದೇ ಕಡೆ ಬರೆದಿಟ್ಟರೆ ನಾಲ್ಕನೆಯವರಿಗೂ ಉಪಯೋಗ ಆದೀತು.

ಮೊದಲು ಏನನ್ನ ನೋಡಬೇಕು

ರೇಡಿಯೊ ಕೊಳ್ಳುವವರು ಎಲ್ಲರೂ ಮೊದಲು ಕೇಳೋದು "ಎಷ್ಟು ಕಿಲೋಮೀಟರ್ ಹೊಡೆಯುತ್ತೆ?" ನಾನು ಮೊದಲು ಕೇಳೋದು "ಆ ಕಡೆ ಸೆಟ್ ಹಿಡಿಯುವವರು ಯಾರು?" ಹಮಾಲಿ ಕೆಲಸದ ನಡುವೆ ಒಂದು ಕೈಯಲ್ಲಿ ಗುಂಡಿ ಒತ್ತುವವನಾ, ಜಾತ್ರೆಯ ಗದ್ದಲದಲ್ಲಿ ನಿಂತ ಹದಿನೆಂಟರ ಹುಡುಗನಾ, ರಾತ್ರಿ ಊಟ ಮುಗಿಸಿ ಹೆಡ್‌ಫೋನ್ ಹಾಕಿ ಕೂರುವ ಹವ್ಯಾಸಿಯಾ? ಎರಡು ಸೆಟ್ಟುಗಳ ನಡುವೆ ಮಾತು ನಡೆಯುತ್ತೋ ಇಲ್ಲವೋ ಅನ್ನೋದು ತಾಳ್ಮೆ ಕಡಿಮೆ ಇರುವವನ ಮೇಲೆ ನಿಂತಿದೆ.

ಎರಡನೆಯದು ನಡುವೆ ಏನಿದೆ ಅನ್ನೋದು. ಸಿಂಧನೂರು, ಮಾನ್ವಿ ಕಡೆ ಭತ್ತದ ಗದ್ದೆ ಚಾಪೆ ಹಾಸಿದ ಹಾಗೆ ಸಪಾಟು. ಆನೆಗೊಂದಿ ಕಡೆ ಬಂದರೆ ಬಂಡೆ ಮೇಲೆ ಬಂಡೆ. ಬಳ್ಳಾರಿ ಊರಲ್ಲಂತೂ ನಡುಮಧ್ಯವೇ ಗುಡ್ಡ. ಮೂರನೆಯದು ಕಾನೂನು. ನಾಲ್ಕನೆಯದು ಆ ಚಾನೆಲ್ಲಿನಲ್ಲಿ ನಿಮ್ಮ ಜೊತೆ ಇನ್ನೂ ಯಾರು ಯಾರು ಇದ್ದಾರೆ ಅನ್ನೋದು. ದುಡ್ಡು ಕೊನೆಗೆ. ದುಡ್ಡು ಮುಖ್ಯ ಅಲ್ಲ ಅಂತಲ್ಲ, ಮೊದಲ ನಾಲ್ಕು ತಪ್ಪಿದರೆ ಎಷ್ಟು ಕಡಿಮೆಗೆ ಕೊಂಡರೂ ದಂಡ.

ಕಾನೂನಿನ ಮಾತು ಮೊದಲೇ ಮುಗಿಸೋಣ

ನಮ್ಮ ದೇಶದಲ್ಲಿ ಸಿಟಿಜನ್ ಬ್ಯಾಂಡಿಗೆ 2005ರ ನಿಯಮದ ಪ್ರಕಾರ ಲೈಸೆನ್ಸ್ ಬೇಡ. ಆದರೆ ಆ ಬ್ಯಾಂಡು 26.957ರಿಂದ 27.283 ಮೆಗಾಹರ್ಟ್ಸ್ ತನಕ ಮಾತ್ರ. ಹೊರಗೆ ಬೀಳುವ ಶಕ್ತಿ 5 ವ್ಯಾಟ್ ಮೀರಬಾರದು. ಆಂಟೆನಾ ಸೆಟ್ಟಿನಲ್ಲೇ ಸೇರಿಕೊಂಡಿರಬೇಕು. ಸೆಟ್ಟಿಗೆ ದೂರಸಂಪರ್ಕ ಇಲಾಖೆಯ ಮಾದರಿ ಒಪ್ಪಿಗೆ ಇರಬೇಕು.

ಈಗ ಅಮೆರಿಕದ ವಿಡಿಯೊ ನೋಡಿದವರ ತಲೆನೋವು ಇಲ್ಲೇ ಶುರು. ಅಲ್ಲಿನ ಸೆಟ್ಟಿನಲ್ಲಿ 40 ಚಾನೆಲ್. ಒಂದನೆಯ ಚಾನೆಲ್ 26.965ರಲ್ಲಿ, ನಲವತ್ತನೆಯದು 27.405ರಲ್ಲಿ. ನಮ್ಮ ಬ್ಯಾಂಡು 27.283ಕ್ಕೇ ನಿಲ್ಲುತ್ತೆ. ಅಂದರೆ 27ನೇ ಚಾನೆಲ್ಲಿನ 27.275 ನಮ್ಮ ಕೊನೆಯ ಮನೆ. 28ನೇ ಚಾನೆಲ್ 27.285, ಬೇಲಿಯ ಆಚೆ. ಎಸ್‌ಎಸ್‌ಬಿಯವರು ಸೇರುವ ಜಾಗ ಅಂತ ವಿಡಿಯೊಗಳಲ್ಲಿ ಹೇಳುವ 36ರಿಂದ 40ರ ತನಕದ ಐದೂ ಚಾನೆಲ್ ನಮಗೆ ನಿಷಿದ್ಧ. ಅಲ್ಲಿ ಎಎಂಗೆ 4 ವ್ಯಾಟ್, ಎಸ್‌ಎಸ್‌ಬಿಗೆ ಶಿಖರದಲ್ಲಿ 12 ವ್ಯಾಟ್ ಬಿಟ್ಟಿದ್ದಾರೆ. ನಮಗೆ 5. ಕಾರಿನ ಮೇಲೆ ನೆಟ್ಟಗೆ ನಿಲ್ಲಿಸುವ ಉದ್ದನೆಯ ಆಂಟೆನಾ ಕೂಡ ನಮ್ಮ ಲೈಸೆನ್ಸ್ ವಿನಾಯಿತಿಯೊಳಗೆ ಬರೋದಿಲ್ಲ.

ಇನ್ನೊಂದು ಮಾತನ್ನ ಜನ ಓದೋದೇ ಇಲ್ಲ. ಈ ವಿನಾಯಿತಿ ಹಂಚಿಕೊಂಡು ಬಳಸುವವರಿಗೆ. ನಿಮ್ಮಿಂದ ಬೇರೆಯವರಿಗೆ ತೊಂದರೆ ಆಗಬಾರದು, ಬೇರೆಯವರಿಂದ ನಿಮಗೆ ತೊಂದರೆ ಆದರೆ ರಕ್ಷಣೆ ಕೇಳುವ ಹಾಗಿಲ್ಲ. ಚಾನೆಲ್ ಗಿಜಿಗುಟ್ಟಿದರೆ ದೂರು ಕೊಡೋಕೆ ಯಾರೂ ಇಲ್ಲ. ನಮ್ಮ ಅಭ್ಯಾಸದಿಂದಲೇ ದಾರಿ ಮಾಡಿಕೊಳ್ಳಬೇಕು.

ಎಸ್‌ಎಸ್‌ಬಿ ಅಂದರೆ ಏನು ಕೊಡುತ್ತೆ, ಏನು ಕಿತ್ತುಕೊಳ್ಳುತ್ತೆ

ಎಎಂನಲ್ಲಿ ನಿಮ್ಮ ಧ್ವನಿ ಹೋಗುವುದು ಒಂದೇ ಪತ್ರದ ಎರಡು ಜೆರಾಕ್ಸ್ ಪ್ರತಿಯನ್ನ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕಳಿಸಿದ ಹಾಗೆ. ಪೆಟ್ಟಿಗೆ ಅಂದರೆ ಕ್ಯಾರಿಯರ್. ಪ್ರತಿಗಳು ಅಂದರೆ ಎರಡು ಸೈಡ್‌ಬ್ಯಾಂಡ್. 4 ವ್ಯಾಟ್ ಕ್ಯಾರಿಯರಿನ ಮೇಲೆ ಪೂರ್ತಿ ಜೋರಾಗಿ ಮಾತಾಡಿದರೆ ಒಂದೊಂದು ಸೈಡ್‌ಬ್ಯಾಂಡಿಗೆ ಸಿಗೋದು 1 ವ್ಯಾಟ್. ಒಟ್ಟು 6 ವ್ಯಾಟಿನಲ್ಲಿ 4 ಬರೀ ಪೆಟ್ಟಿಗೆ ಹೊರೋದಕ್ಕೆ ಹೋಯಿತು, ಅಲ್ವಾ?

ಎಸ್‌ಎಸ್‌ಬಿಯಲ್ಲಿ ಪೆಟ್ಟಿಗೆಯನ್ನೂ ಒಂದು ಪ್ರತಿಯನ್ನೂ ಮನೆಯಲ್ಲೇ ಬಿಟ್ಟು ಹೊರಡುತ್ತೀರಿ. ಇರುವ ಶಕ್ತಿ ಎಲ್ಲ ಮಾತಿಗೇ. ಜಾಗವೂ ಅರ್ಧ. ಎಎಂಗೆ ಸುಮಾರು 6ರಿಂದ 8 ಕಿಲೋಹರ್ಟ್ಸ್ ಅಗಲ ಬೇಕಾದರೆ ಇದಕ್ಕೆ 3 ಸಾಕು. ಮೇಲಿನ ಸೈಡ್‌ಬ್ಯಾಂಡ್ ಇಟ್ಟುಕೊಂಡರೆ ಯುಎಸ್‌ಬಿ, ಕೆಳಗಿನದಾದರೆ ಎಲ್‌ಎಸ್‌ಬಿ. (ರಾಯಚೂರಿನ ಹುಡುಗ ಯುಎಸ್‌ಬಿ ಅಂದ ಕೂಡಲೇ ಸೆಟ್ಟಿಗೆ ಪೆನ್‌ಡ್ರೈವ್ ಹಾಕಬಹುದು ಅಂದುಕೊಂಡಿದ್ದ. ಅವನೊಬ್ಬನೇ ಅಲ್ಲ.) ಒಂದೇ ಚಾನೆಲ್ಲಿನಲ್ಲಿ ಇಬ್ಬರು ಮೇಲೆ, ಇಬ್ಬರು ಕೆಳಗೆ ಮಾತಾಡಿಕೊಂಡು ಹೋಗಬಹುದು. ಪೂರ್ತಿ ಪ್ರತ್ಯೇಕ ಅಲ್ಲ, ಪಕ್ಕದ ರೂಮಿನ ಮಾತು ಸ್ವಲ್ಪ ಕಿವಿಗೆ ಬೀಳುತ್ತೆ. ಆದರೂ ಕೆಲಸ ನಡೆಯುತ್ತೆ.

ಇಷ್ಟು ಒಳ್ಳೆಯದಿದ್ದರೆ ಎಲ್ಲರೂ ಇದನ್ನೇ ಯಾಕೆ ಬಳಸೋದಿಲ್ಲ? ಪೆಟ್ಟಿಗೆ ಬಿಟ್ಟು ಬಂದದ್ದಕ್ಕೆ ಬೆಲೆ ತೆರಬೇಕು. ಕೇಳುವ ಸೆಟ್ಟು ಆ ಕ್ಯಾರಿಯರನ್ನ ತಾನೇ ಒಳಗೆ ಹುಟ್ಟಿಸಿಕೊಳ್ಳಬೇಕು. ಅದು ಕಳಿಸಿದವನದಕ್ಕೆ ನೂರಿನ್ನೂರು ಹರ್ಟ್ಸ್ ಆಚೀಚೆ ಆದರೂ ಧ್ವನಿ ಕೆಡುತ್ತೆ. ಅದನ್ನ ಸರಿಮಾಡಲು ಕ್ಲಾರಿಫೈಯರ್ ಅನ್ನುವ ಒಂದು ಗುಂಡಿ ಇರುತ್ತೆ. ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಕೀಚಲು ಧ್ವನಿ ಮನುಷ್ಯರ ಧ್ವನಿ ಆಗುತ್ತೆ.

ಸುಗ್ಗಿಯಲ್ಲಿ ಒಮ್ಮೆ ಇದನ್ನ ಪರೀಕ್ಷೆ ಮಾಡಿದೆ. ಸಿಂಧನೂರಿನ ಹತ್ತಿರದ ಕ್ಯಾಂಪಿನಲ್ಲಿ ಮಾವನ ಮಗ ಭತ್ತದ ಕಟಾವು ಮಷೀನ್ ಓಡಿಸುತ್ತಾನೆ. ಗೆಳೆಯನ ಹತ್ತಿರ ಎಸ್‌ಎಸ್‌ಬಿ ಇರುವ ಎರಡು ಕೈಸೆಟ್ ಇದ್ದವು. ಒಂದು ಅವನಿಗೆ ಕೊಟ್ಟು ನಾನು ಕಾಲುವೆ ದಂಡೆಯ ಮೇಲೆ ನಿಂತೆ. ಮೊದಲ ಎರಡು ಮಾತು ಸರಿಯಾಗಿ ಬಂದವು. ಆಮೇಲೆ ಮಷೀನಿನ ಅಲುಗಾಟಕ್ಕೋ ಬಿಸಿಲಿಗೋ ಗುಂಡಿ ಸ್ವಲ್ಪ ಸರಿಯಿತು. "ಅಣ್ಣಾ, ಇದೇನು ಬಾತುಕೋಳಿ ಮಾತಾಡಾಕತ್ತೈತಿ? ತಿಳಿವಲ್ದು!" ಗುಂಡಿ ತಿರುಗಿಸು ಅಂದೆ. ಅವನು ತಿರುಗಿಸಿದ. ಅವನ ಧ್ವನಿ ಕೆಟ್ಟಿತು ಅಂತ ನಾನೂ ತಿರುಗಿಸಿದೆ. ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಇಬ್ಬರೂ ಚಾನೆಲ್ಲಿನ ಅಂಚಿಗೆ ಹೋಗಿ ಬಿದ್ದೆವು. ಕೊನೆಗೆ ಅವನು ಸೆಟ್ಟನ್ನ ಸೀಟಿನ ಕೆಳಗೆ ಇಟ್ಟು ಟವೆಲ್ ಬೀಸಿ ಕರೆದ. ಟವೆಲ್ ಚೆನ್ನಾಗಿ ಕಾಣಿಸಿತು.

ತಪ್ಪು ಸೆಟ್ಟಿನದಲ್ಲ. ಇಬ್ಬರಲ್ಲಿ ಒಬ್ಬನೇ ಗುಂಡಿ ಮುಟ್ಟಬೇಕು ಅನ್ನುವ ಅಭ್ಯಾಸ ನಮಗಿರಲಿಲ್ಲ. ಮೂರು ಜನ ಸೇರಿದರೆ ಮೊದಲು ಕರೆದವನ ಧ್ವನಿಗೆ ಉಳಿದವರು ಹೊಂದಿಸಿಕೊಳ್ಳಬೇಕು, ಆಮೇಲೆ ಕೈ ತೆಗೆಯಬೇಕು. ಇದು ಹೇಳೋಕೆ ಸುಲಭ. ಗೋದಾಮಿನ ವಾಚ್‌ಮನ್‌ಗೆ ಕಲಿಸಿ ನೋಡಿ.

ನಮ್ಮ ಕಡೆ ಚಾನೆಲ್ ತುಂಬೋದು ಯಾರಿಂದ

ಅಮೆರಿಕದಲ್ಲಿ ಸಿಬಿ ಚಾನೆಲ್ ತುಂಬಿಸಿದವರು ಲಾರಿ ಡ್ರೈವರುಗಳು. 1958ರಲ್ಲಿ ಈ ಬ್ಯಾಂಡ್ ಅಲ್ಲಿ ಶುರುವಾಯಿತು. 1973ರ ತೈಲದ ಬಿಕ್ಕಟ್ಟು, ಅದರ ಹಿಂದೆ ಬಂದ ವೇಗದ ಮಿತಿ, ಇವೆರಡರಿಂದ ಲಾರಿಯವರೆಲ್ಲ ಸೆಟ್ ಹಾಕಿಸಿದರು. 23 ಚಾನೆಲ್ ಸಾಲದೆ 1977ರಲ್ಲಿ 40 ಮಾಡಿದರು. ಆಗ 16ನೇ ಚಾನೆಲ್ಲಿನ ಸುತ್ತ ಇದ್ದ ಎಸ್‌ಎಸ್‌ಬಿ ಮಂದಿ ಮೇಲಕ್ಕೆ ಹತ್ತಿ ಹೋದರು. ಅದು ಕಾನೂನಲ್ಲ, ತಮ್ಮ ತಮ್ಮಲ್ಲಿ ಮಾಡಿಕೊಂಡ ಮಾತು.

ನಮ್ಮ ಕಡೆ ಲಾರಿಗಳಿಗೇನೂ ಕಡಿಮೆ ಇಲ್ಲ, ಸಂಡೂರಿನ ಅದಿರಿನ ಲಾರಿ ಸಾಲು ನೋಡಿದವರಿಗೆ ಗೊತ್ತು. ಆದರೆ ಅವುಗಳಲ್ಲಿ ಸಿಬಿ ಇಲ್ಲ. ಹಾಗಾದರೆ ಚಾನೆಲ್ ಖಾಲಿ ಇರಬೇಕಲ್ಲ? ಇಲ್ಲ.

ಒಂದು, ಆಕಾಶ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಾಗುತ್ತವೆ. ಆಗ 27 ಮೆಗಾಹರ್ಟ್ಸಿನ ಅಲೆಗಳು ಮೇಲಿನ ಅಯಾನುಗಳ ಪದರಕ್ಕೆ ಬಡಿದು ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಈ ಸಲದ ಶಿಖರ 2024ರ ಆಸುಪಾಸು ಬಂತು. ಅಂಥ ವರ್ಷದ ಹಗಲಿನಲ್ಲಿ ಪಕ್ಕದ ಹೊಲದವನ ಧ್ವನಿಗಿಂತ ಯಾವುದೋ ದೇಶದ ಗಲಾಟೆಯೇ ಜೋರಾಗಿ ಕೇಳಬಹುದು. ಹತ್ತಾರು ಎಎಂ ಕ್ಯಾರಿಯರ್ ಒಂದರ ಮೇಲೊಂದು ಬಿದ್ದು ಉಳಿಯೋದು ಬರೀ ಸಿಳ್ಳೆ ಮತ್ತು ಗುಂಯ್‌ಗುಡುವಿಕೆ.

ಎರಡು, ಯಂತ್ರಗಳು. 26.957ರಿಂದ 27.283 ಅನ್ನುವ ಗಡಿ ಸುಮ್ಮನೆ ಬಂದದ್ದಲ್ಲ. ಅದು ಜಗತ್ತಿನಲ್ಲೆಲ್ಲ ಕೈಗಾರಿಕೆಯ ಯಂತ್ರಗಳಿಗೆ ಬಿಟ್ಟುಕೊಟ್ಟ ಬ್ಯಾಂಡು. ನಡುಮಧ್ಯ 27.120. ಪ್ಲಾಸ್ಟಿಕ್ ತಾಡಪತ್ರಿ, ರೆಕ್ಸಿನ್ ಬೆಸೆಯುವ ಯಂತ್ರಗಳು ಕೆಲಸ ಮಾಡೋದು ಅಲ್ಲೇ. 13ನೇ ಚಾನೆಲ್ 27.115, 14ನೇದು 27.125, ಎರಡೂ ಆ ಯಂತ್ರದ ಎಡಬಲ. ಕಡಿಮೆ ಬೆಲೆಯ ಕೈಸೆಟ್ಟುಗಳಲ್ಲಿ ಎಷ್ಟೋ 14ರಲ್ಲೇ ಕೂರಿಸಿ ಬರುತ್ತವೆ. ಅದಕ್ಕೆ ನಾನು 14 ಬೇಡ ಅನ್ನೋದು.

ಮೂರು, ಆಟಿಕೆ ಕಾರು. ನಗಬೇಡಿ. ರಿಮೋಟ್ ಆಟಿಕೆಗಳು ಬಳಸುವ 27.145 ಇರೋದು 15 ಮತ್ತು 16ನೇ ಚಾನೆಲ್ಲಿನ ನಡುವೆ. 27.195 ಇರೋದು 19 ಮತ್ತು 20ರ ನಡುವೆ. 27.255 ಅಂತೂ 23ನೇ ಚಾನೆಲ್ಲೇ. ಜಾತ್ರೆಯ ಅಂಗಡಿ ಸಾಲಿನ ಪಕ್ಕ ಒಮ್ಮೆ 16ರಲ್ಲಿ ಗುಂಡಿ ಒತ್ತಿದೆ. ಎದುರಿನ ಅಂಗಡಿಯಲ್ಲಿ ಪ್ರದರ್ಶನಕ್ಕೆ ಆನ್ ಮಾಡಿಟ್ಟ ಕೆಂಪು ಕಾರೊಂದು ಮೇಜಿನಿಂದ ಹಾರಿ ಕೆಳಗೆ ಬಿತ್ತು. ಅಂಗಡಿಯವನು ತನ್ನ ಮಗನಿಗೆ ಬೈದ. ನಾನು ಮೆಲ್ಲಗೆ ಮಿರ್ಚಿ ಅಂಗಡಿಯ ಕಡೆ ಹೋದೆ.

ಇದರ ಜೊತೆ ಮಿಲ್ಲಿನ ಮೋಟಾರು, ಅಗ್ಗದ ಎಲ್‌ಇಡಿ ಬಲ್ಬು, ಇನ್ವರ್ಟರು, ಹೊಲದ ವಿದ್ಯುತ್ ಬೇಲಿ. ಇವು ಮಾಡುವ ಟಿಕ್‌ಟಿಕ್, ಜುಯ್‌ಗುಡುವ ಸದ್ದಿಗೆ ಎಎಂ ಸುಲಭವಾಗಿ ಸೋಲುತ್ತೆ. ಎಸ್‌ಎಸ್‌ಬಿಯ ಕಿಟಕಿ ಕಿರಿದು, ಒಳಗೆ ಬರುವ ಧೂಳೂ ಕಡಿಮೆ. ಸದ್ದನ್ನ ಎಲ್ಲಕ್ಕಿಂತ ಚೆನ್ನಾಗಿ ತಡೆಯೋದು ಎಫ್‌ಎಂ, ಆದರೆ ಸಿಗ್ನಲ್ ಗಟ್ಟಿ ಇದ್ದಾಗ ಮಾತ್ರ.

ಇಬ್ಬರು ಒಟ್ಟಿಗೆ ಮಾತಾಡಿದರೆ ಏನಾಗುತ್ತೆ ಅನ್ನೋದರಲ್ಲೇ ಮೂರರ ಗುಣ ಗೊತ್ತಾಗುತ್ತೆ. ಎಫ್‌ಎಂನಲ್ಲಿ ಜೋರಿನವನು ಗೆಲ್ಲುತ್ತಾನೆ, ಇನ್ನೊಬ್ಬ ಇದ್ದನೆಂದೇ ಗೊತ್ತಾಗೋದಿಲ್ಲ. ಎಎಂನಲ್ಲಿ ಇಬ್ಬರ ಕ್ಯಾರಿಯರ್ ಸೇರಿ ಸಿಳ್ಳೆ ಹುಟ್ಟಿ ಇಬ್ಬರೂ ಕೆಡುತ್ತಾರೆ. ಎಸ್‌ಎಸ್‌ಬಿಯಲ್ಲಿ ಸಿಳ್ಳೆ ಇಲ್ಲ. ಎರಡು ಧ್ವನಿ ಒಂದರ ಮೇಲೊಂದು ಕೇಳುತ್ತವೆ, ಕಿವಿ ಪಳಗಿದ್ದರೆ ಬೇಕಾದದ್ದನ್ನ ಆರಿಸಿಕೊಳ್ಳಬಹುದು. ಗಿಜಿಗಿಜಿ ಚಾನೆಲ್ಲಿಗೆ ಎಸ್‌ಎಸ್‌ಬಿ ವಾಸಿ ಅನ್ನೋದು ಇದೇ ಕಾರಣಕ್ಕೆ. ಪಳಗಿದ ಕಿವಿ ಇರಬೇಕು, ಅಷ್ಟೇ.

ಎಸ್‌ಎಸ್‌ಬಿ ಹಿಡಿಯೋದಾದರೆ

ಮೊದಲು ಕೇಳಿ. ಎಸ್‌ಎಸ್‌ಬಿಯಲ್ಲಿ ಮಾತಾಡದಿದ್ದಾಗ ಏನೂ ಹೊರಡೋದಿಲ್ಲ, ಮೀಟರಿನ ಮುಳ್ಳೂ ಏಳೋದಿಲ್ಲ. ಚಾನೆಲ್ ಖಾಲಿ ಅಂತ ಕಂಡರೂ ಅಲ್ಲಿ ಇಬ್ಬರ ಮಾತು ಉಸಿರು ತೆಗೆದುಕೊಳ್ಳುತ್ತಿರಬಹುದು. ಮೇಲೆ, ಕೆಳಗೆ ಎರಡೂ ಸೈಡ್‌ಬ್ಯಾಂಡಿನಲ್ಲಿ ಅರ್ಧರ್ಧ ನಿಮಿಷ ಕಿವಿ ಕೊಟ್ಟು, "ಯಾರಾದ್ರೂ ಇದ್ದೀರೇನ್ರೀ?" ಅಂತ ಎರಡು ಸಲ ಕೇಳಿ ಆಮೇಲೆ ಶುರು ಮಾಡಿ. ಒಬ್ಬರ ಮಾತು ಮುಗಿದ ಮೇಲೆ ಒಂದೆರಡು ಸೆಕೆಂಡ್ ಬಿಡಿ. ಬೇರೆಯವರಿಗೆ ನುಗ್ಗೋಕೆ ಜಾಗ ಸಿಗೋದು ಅದೇ ಸಂದಿಯಲ್ಲಿ.

ಎರಡನೆಯದು ಮೈಕ್. ದೂರ ಹೋಗಲಿ ಅಂತ ಮೈಕ್ ಗೇನ್ ಪೂರ್ತಿ ಏರಿಸಿ ಬಾಯಿ ಹತ್ತಿರ ಇಟ್ಟು ಕೂಗಿದರೆ ಎಸ್‌ಎಸ್‌ಬಿ ಸೆಟ್ಟು ಒಡೆದ ಕೊಡದ ಹಾಗೆ ಅಕ್ಕಪಕ್ಕಕ್ಕೆಲ್ಲ ಚೆಲ್ಲುತ್ತೆ. 3 ಕಿಲೋಹರ್ಟ್ಸಿನಲ್ಲಿ ಮುಗಿಯಬೇಕಾದದ್ದು ಪಕ್ಕದ ಚಾನೆಲ್ಲಿಗೂ ನುಗ್ಗುತ್ತೆ. ಪಕ್ಕದ ಚಾನೆಲ್ ಅಂದೆ, ಅದರಲ್ಲೂ ಒಂದು ತಮಾಷೆ ಇದೆ. 22ನೇ ಚಾನೆಲ್ 27.225. ಅದರ ಪಕ್ಕದ ಮನೆ 23 ಅಲ್ಲ, 24! ಅದು 27.235, 25ನೇದು 27.245, ಆಮೇಲೆ 27.255ರಲ್ಲಿ 23. ಹಳೆಯ 23 ಚಾನೆಲ್ಲಿನ ಕಾಲದ ಅಂಕಿ ಹಾಗೇ ಉಳಿದದ್ದು. 22ರಲ್ಲಿ ನಿಮ್ಮ ಗುಂಪು, 24ರಲ್ಲಿ ಇನ್ನೊಂದು ಗುಂಪು ಇಟ್ಟು "ನಡುವೆ ಒಂದು ಬಿಟ್ಟಿದ್ದೀವಿ" ಅಂದುಕೊಂಡರೆ ಏನೂ ಬಿಟ್ಟ ಹಾಗಾಗಲಿಲ್ಲ.

ಮೂರನೆಯದು, ಎಎಂ ಮಂದಿ ಕೂತಿರುವ ಚಾನೆಲ್ಲಿಗೆ ಎಸ್‌ಎಸ್‌ಬಿ ತಗೊಂಡು ಹೋಗಬೇಡಿ. ಅವರಿಗೆ ನೀವು ಬರೀ ಗೊರಗೊರ, ನಿಮಗೆ ಅವರು ಬರೀ ಸಿಳ್ಳೆ. ಅಮೆರಿಕದಲ್ಲಿ 9 ತುರ್ತಿಗೆ, 19 ಹೆದ್ದಾರಿಗೆ. ನಮಗೆ ಅದು ಅನ್ವಯ ಆಗದಿದ್ದರೂ ಆಕಾಶ ತೆರೆದ ದಿನ ಅವೆರಡರಲ್ಲೂ ಜಾಸ್ತಿ ಗದ್ದಲ ಇರುತ್ತೆ. ಯಂತ್ರದ 13-14, ಆಟಿಕೆಯ 15-16, 19-20, 23 ಇಷ್ಟನ್ನೂ ಬಿಟ್ಟರೆ ನನ್ನ ಆಯ್ಕೆ 24 ಇಲ್ಲವೇ 25.

ಇಷ್ಟೆಲ್ಲ ಹೇಳಿದ ಮೇಲೆ ಕಹಿ ಮಾತು. 27 ಮೆಗಾಹರ್ಟ್ಸಿನ ಅಲೆ 11 ಮೀಟರ್ ಉದ್ದ. ಅದರ ಕಾಲು ಭಾಗದ ಆಂಟೆನಾ ಅಂದರೂ 2.7 ಮೀಟರ್, ಮನೆಯ ಬಾಗಿಲಿಗಿಂತ ಎತ್ತರ. ಸೆಟ್ಟಿನಲ್ಲೇ ಕೂರುವ ಗೇಣುದ್ದದ ರಬ್ಬರ್ ಕಡ್ಡಿ ಆ ಕೆಲಸ ಮಾಡುತ್ತೆ ಅಂತ ನಿರೀಕ್ಷೆ ಇಡೋದೇ ತಪ್ಪು. ಎಸ್‌ಎಸ್‌ಬಿಯಿಂದ ಗಳಿಸಿದ್ದನ್ನೆಲ್ಲ ಆ ಕಡ್ಡಿ ನುಂಗಿ ನೀರು ಕುಡಿಯುತ್ತೆ. ಮೇಲಾಗಿ ಎಸ್‌ಎಸ್‌ಬಿ ಇರುವ ಸಿಬಿ ಸೆಟ್ಟುಗಳಲ್ಲಿ ಬಹುಪಾಲು ಕಾರಿಗೆ ಹಾಕುವಂಥವು, ಆಂಟೆನಾ ಹೊರಗೆ. ಕೈಸೆಟ್ಟುಗಳು ಬೆರಳೆಣಿಕೆ. ನಮ್ಮ ನಿಯಮದೊಳಗೆ ಎಸ್‌ಎಸ್‌ಬಿ ಸಿಬಿ ಅನ್ನೋದು ಬಹಳ ಇಕ್ಕಟ್ಟಿನ ಕೋಣೆ.

ಪಕ್ಕದಲ್ಲಿರುವ ಬೇರೆ ದಾರಿಗಳು

446 ಮೆಗಾಹರ್ಟ್ಸ್. 446.0ರಿಂದ 446.2 ತನಕ ಅರ್ಧ ವ್ಯಾಟಿನ ಕೈಸೆಟ್ಟಿಗೆ 2018ರಿಂದ ಲೈಸೆನ್ಸ್ ಬೇಡ. ಇಲ್ಲೂ ಆಂಟೆನಾ ಸೆಟ್ಟಿನದೇ. ಅರ್ಧ ವ್ಯಾಟಾ ಅಂತ ಮೂಗು ಮುರಿಯಬೇಡಿ. ಈ ಅಲೆ 67 ಸೆಂಟಿಮೀಟರ್, ಬೆರಳುದ್ದದ ಕಡ್ಡಿಯೂ ಸರಿಯಾಗಿ ಕೆಲಸ ಮಾಡುತ್ತೆ. ಆಕಾಶದಿಂದ ಯಾರೂ ಬಂದು ಬೀಳೋದಿಲ್ಲ. ಎಫ್‌ಎಂ ಆದ್ದರಿಂದ ಮೋಟಾರಿನ ಸದ್ದೂ ಇಲ್ಲ. ಸಪಾಟು ಗದ್ದೆಯಲ್ಲಿ ನಾನು ಒಂದೂವರೆ ಎರಡು ಕಿಲೋಮೀಟರ್ ನಿರಾಳವಾಗಿ ಮಾತಾಡಿದ್ದೇನೆ. ಗುಡ್ಡದ ತುದಿಯಿಂದ ಕೆಳಗೆ ಇನ್ನೂ ಜಾಸ್ತಿ. ಗುಡ್ಡ ಅಡ್ಡ ಬಂದರೆ ಮಾತ್ರ ಅಲ್ಲಿಗೇ ಮುಗಿಯಿತು.

ಇದರಲ್ಲಿ ಮೋಸ ಹೋಗುವ ಜಾಗ ಒಂದಿದೆ. ನನಗೂ ಒಬ್ಬ ಅಂಗಡಿಯವನು "ಆರುನೂರು ಚಾನೆಲ್ ಸರ್" ಅಂತ ಒಂದು ಜೋಡಿ ಕಟ್ಟಿದ. ಮನೆಗೆ ಬಂದು ನೋಡಿದರೆ ಇದ್ದದ್ದು 16 ಚಾನೆಲ್, ಒಂದೊಂದಕ್ಕೆ 38 ಕೋಡ್. ಅವನು ಗುಣಾಕಾರ ಮಾಡಿದ್ದ. ಕೋಡ್ ಅಂದರೆ ಬೇರೆಯವರ ಮಾತು ನಿಮ್ಮ ಸ್ಪೀಕರಿಗೆ ಬರದ ಹಾಗೆ ಕಿವಿಗೆ ಹತ್ತಿ ಇಟ್ಟುಕೊಳ್ಳೋದು. ಚಾನೆಲ್ಲಿನಲ್ಲಿ ಜನ ಕಡಿಮೆ ಆಗೋದಿಲ್ಲ. ಬೇರೆ ಗುಂಪು ಮಾತಾಡುತ್ತಿದ್ದರೂ ನಿಮಗೆ ಗೊತ್ತಾಗದೆ ನೀವು ಅವರ ಮೇಲೆ ಹತ್ತಿ ಕೂರುತ್ತೀರಿ. ಜಾತ್ರೆಯಂಥ ಕಡೆ ಕೋಡ್ ಹಾಕುವ ಮುಂಚೆ ಹತ್ತು ನಿಮಿಷ ಹಾಗೇ ಕೇಳಿ ಖಾಲಿ ಚಾನೆಲ್ ಹುಡುಕಿಕೊಳ್ಳಿ.

ಆನ್‌ಲೈನಿನಲ್ಲಿ ಸಿಗುವ ಎಲ್ಲ ವಾಕಿಟಾಕಿಯೂ ಇದಲ್ಲ ಅನ್ನೋದು ನೆನಪಿರಲಿ. 136ರಿಂದ 174, 400ರಿಂದ 520 ಅಂತ ಬರೆದಿರುವ ಸೆಟ್ಟಿಗೆ ಲೈಸೆನ್ಸ್ ಬೇಕೇ ಬೇಕು, ಬೆಲೆ ಎಷ್ಟೇ ಕಡಿಮೆ ಇರಲಿ. ಇಂಥವನ್ನ ಹೇಳದೆ ಕೇಳದೆ ಮಾರೋದಕ್ಕೆ ಕಡಿವಾಣ ಹಾಕಲೆಂದೇ 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿತು.

ಸಿಮ್ ಹಾಕುವ ವಾಕಿಟಾಕಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಟವರ್ ಇದ್ದರೆ ಬಳ್ಳಾರಿಯಿಂದ ಬೆಂಗಳೂರಿಗೂ ಮಾತಾಡಬಹುದು. ಟವರ್ ಉಸಿರುಕಟ್ಟಿದರೆ ಅದೂ ಉಸಿರುಕಟ್ಟುತ್ತೆ. ಜಾತ್ರೆಗೆ ಕೆಲಸಕ್ಕೆ ಬಾರದು, ಲಾರಿ ಟ್ರಾನ್ಸ್‌ಪೋರ್ಟಿನವರಿಗೆ ಚೆನ್ನಾಗಿದೆ.

ಕೊನೆಯದು ಹ್ಯಾಮ್, ಅಂದರೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೊ. ಎಸ್‌ಎಸ್‌ಬಿಯ ನಿಜವಾದ ಮನೆ ಇದು. 12 ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು. ಶುರುವಿನ ದರ್ಜೆಯಾದ ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ (ಚುಕ್ಕಿ-ಗೆರೆಯ ಸಂಕೇತ) ಬೇಡ. ರೇಡಿಯೊ ಸಿದ್ಧಾಂತ ಒಂದು ಭಾಗ, ನಿಯಮಗಳು ಇನ್ನೊಂದು ಭಾಗ. ಪಿಯುಸಿ ವಿಜ್ಞಾನ ಓದಿದವರಿಗೆ ಕಷ್ಟವಲ್ಲ. ಅರ್ಜಿ ಹಾಕೋದು ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್ಲಿನಲ್ಲಿ. ಪಾಸಾಗಿ ಲೈಸೆನ್ಸ್ ಬಂದರೆ ವಿಯು3ಯಿಂದ ಶುರುವಾಗುವ ಹೆಸರು ಸಿಗುತ್ತೆ, 50 ವ್ಯಾಟ್ ತನಕ ಹೊರಡಿಸಬಹುದು. ಆಂಟೆನಾ ನಿಮ್ಮ ಇಷ್ಟ.

ಇಲ್ಲಿ ಚಾನೆಲ್ಲೇ ಇಲ್ಲ. 7.000ರಿಂದ 7.200 ಮೆಗಾಹರ್ಟ್ಸಿನಲ್ಲಿ ಬೇಕಾದ ಕಡೆ ಡಯಲ್ ನಿಲ್ಲಿಸಿ, ಪಕ್ಕದವರಿಂದ 3 ಕಿಲೋಹರ್ಟ್ಸ್ ದೂರ ಸರಿದು ಕೂತರಾಯಿತು. 10 ಮೆಗಾಹರ್ಟ್ಸಿಗಿಂತ ಕೆಳಗೆ ಎಲ್‌ಎಸ್‌ಬಿ, ಮೇಲೆ ಯುಎಸ್‌ಬಿ ಅನ್ನೋದು ಜಗತ್ತಿನ ರೂಢಿ. ಹಗಲು ಹೊತ್ತಿನಲ್ಲಿ ಈ ಅಲೆ ನೆಟ್ಟಗೆ ಮೇಲೆ ಹೋಗಿ ಕೆಳಗಿಳಿಯುತ್ತೆ, ಗುಡ್ಡ ಅಡ್ಡ ಬರೋದೇ ಇಲ್ಲ. ರಾಯಚೂರಿಂದ ಹೈದರಾಬಾದ್, ಬಳ್ಳಾರಿಯಿಂದ ಬೆಂಗಳೂರು ಪಕ್ಕದ ಓಣಿಯ ಹಾಗೆ ಕೇಳುತ್ತವೆ. ಆಂಟೆನಾ ಅಂದರೆ ಎರಡು ಕಂಬದ ನಡುವೆ ಒಟ್ಟು 20 ಮೀಟರ್ ತಂತಿ. ಗಿಜಿಗಿಜಿ ಇಲ್ಲಿಯೂ ಇದೆ, ಭಾನುವಾರ ಬೆಳಿಗ್ಗೆ ಕೇಳಿ ನೋಡಿ. ಆದರೆ "ಈ ಫ್ರೀಕ್ವೆನ್ಸಿ ಬಳಕೆಯಲ್ಲಿದೆಯಾ?" ಅಂತ ಕೇಳಿದರೆ ಉತ್ತರ ಬರುತ್ತೆ. ಪರೀಕ್ಷೆ ಅನ್ನುವ ಜರಡಿ ಇರೋದರಿಂದ ಇಷ್ಟಾದರೂ ಶಿಸ್ತು ಉಳಿದಿದೆ ಅಂತ ನನ್ನ ಅನಿಸಿಕೆ.

ದುಡ್ಡು ಎಷ್ಟಿದೆ, ಬೇಕಾದದ್ದು ಏನು

446ರ ಒಂದು ಜೋಡಿಯ ದುಡ್ಡಿಗೆ ಎಸ್‌ಎಸ್‌ಬಿ ಇರುವ ಸಿಬಿ ಸೆಟ್ ಒಂದೂ ಬರೋದಿಲ್ಲ. ಸಿಬಿಯನ್ನ ಹೊರಗಿಂದ ತರಿಸಿದರೆ ಕಸ್ಟಮ್ಸ್, ಮಾದರಿ ಒಪ್ಪಿಗೆಯ ಕಾಗದ ಬೇರೆ. ಹ್ಯಾಮ್‌ನಲ್ಲಿ ಹೊಸ 100 ವ್ಯಾಟಿನ ಸೆಟ್ಟು ಲಕ್ಷದ ಮಾತು. ಆದರೆ ಅದೇ ಬೇಕು ಅಂತಿಲ್ಲ. ಹೈದರಾಬಾದಿನ ಅಶರ್ ಫರ್ಹಾನ್ ವಿನ್ಯಾಸ ಮಾಡಿದ ಬಿಟ್‌ಎಕ್ಸ್ ಅನ್ನುವ ಪುಟ್ಟ ಎಸ್‌ಎಸ್‌ಬಿ ಸೆಟ್ಟು ಇದೆ. ಸರ್ಕ್ಯೂಟ್ ಎಲ್ಲರಿಗೂ ಬಿಚ್ಚಿಟ್ಟಿದ್ದಾರೆ, ಸಿಗುವ ಬಿಡಿಭಾಗಗಳಿಂದ ಮನೆಯಲ್ಲೇ ಕಟ್ಟಿಕೊಂಡವರು ದೇಶ ವಿದೇಶದಲ್ಲಿ ಇದ್ದಾರೆ. ಕೆಲವೇ ವ್ಯಾಟ್, ಆದರೆ 20 ಮೀಟರ್ ತಂತಿಗೆ ಕಟ್ಟಿದರೆ ಕೈಸೆಟ್ಟಿನ ಸಿಬಿ ಕನಸಲ್ಲೂ ಕಾಣದ ದೂರ ಹೋಗುತ್ತೆ.

ಮಿಲ್ಲಿನ ಹುಡುಗನಿಗೆ 446 ಹೇಳಿದೆ. ವ್ಯಾಪಾರದ ಮಾತಿಗೆ ಹ್ಯಾಮ್ ಬಳಸುವ ಹಾಗಿಲ್ಲ, ಎಸ್‌ಎಸ್‌ಬಿ ಹಮಾಲರ ಕೈಗೆ ಒಗ್ಗೋದಿಲ್ಲ. ಜಾತ್ರೆಯವರಿಗೂ 446ನ್ನೇ ಹೇಳಿದೆ, ಆದರೆ ಗುಂಪಿಗೊಂದು ಚಾನೆಲ್ ಕಾಗದದ ಮೇಲೆ ಬರೆದು ಹಂಚಿ ಅಂತ. ದಾಸೋಹದ ಅಡುಗೆಯವರು, ತೇರಿನ ದಾರಿಯವರು, ಚಪ್ಪಲಿ ಕಾಯುವವರು ಒಂದೇ ಚಾನೆಲ್ಲಿನಲ್ಲಿ ಕೂತರೆ ರೊಟ್ಟಿ ಮುಗಿಯಿತು ಅನ್ನೋದು ಕೇಳಿ ತೇರಿನವರು ಓಡುತ್ತಾರೆ. ಒಂದು ಕಿಲೋಮೀಟರಿನೊಳಗೆ, ಬಯಲಿನಲ್ಲಿ, ಈಗಾಗಲೇ ಎಎಂ ಸಿಬಿ ಕೈಸೆಟ್ ಇಟ್ಟುಕೊಂಡವರು ಅದನ್ನ ಎಸೆಯಬೇಕಿಲ್ಲ. 24ಕ್ಕೆ ತಿರುಗಿಸಿ ಬಳಸಲಿ. ಹೊಸದಾಗಿ ಎಸ್‌ಎಸ್‌ಬಿ ಸಿಬಿ ಕೊಳ್ಳೋದು ಇಬ್ಬರೂ ಹವ್ಯಾಸಿಗಳೇ ಆಗಿದ್ದು, ಇಬ್ಬರಿಗೂ ಗುಂಡಿ ತಿರುಗಿಸುವ ಹುಚ್ಚಿದ್ದರೆ ಮಾತ್ರ.

ರಾಯಚೂರಿನ ಹುಡುಗನಿಗೆ ಏನನ್ನೂ ಕೊಳ್ಳಬೇಡ ಅಂದೆ. ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು ಇಂಟರ್ನೆಟ್ಟಿಗೆ ಜೋಡಿಸಿದ ಒಂದು ರಿಸೀವರ್ ಇದೆ, ಮೊಬೈಲಿನಲ್ಲೇ ತಿರುಗಿಸಬಹುದು, ಪುಕ್ಕಟೆ. 27 ಮೆಗಾಹರ್ಟ್ಸೂ ಸಿಗುತ್ತೆ, 7 ಮೆಗಾಹರ್ಟ್ಸೂ ಸಿಗುತ್ತೆ. ಎಎಂ, ಯುಎಸ್‌ಬಿ, ಎಲ್‌ಎಸ್‌ಬಿ ಮೂರನ್ನೂ ಒತ್ತಿ ನೋಡಬಹುದು. ಹದಿನೈದು ದಿನ ದಿನಕ್ಕರ್ಧ ತಾಸು ಕೇಳು, ಬಾತುಕೋಳಿಯನ್ನ ಮನುಷ್ಯ ಮಾಡೋದು ಬೇಜಾರು ಅನಿಸಿದರೆ ಬಿಟ್ಟುಬಿಡು, ಇಲ್ಲದಿದ್ದರೆ ಪರೀಕ್ಷೆಗೆ ಕಟ್ಟು ಅಂದೆ.

ಹತ್ತನೇ ದಿನ ರಾತ್ರಿ ಹನ್ನೊಂದಕ್ಕೆ ಒಂದು ರೆಕಾರ್ಡಿಂಗ್ ಕಳಿಸಿದ. ಮೊದಲು ಕ್ವಾಕ್ ಕ್ವಾಕ್, ನಡುವೆ ಒಂದು ಸಿಳ್ಳೆ, ನಿಧಾನಕ್ಕೆ ಇಳಿಯುತ್ತಾ ಇಳಿಯುತ್ತಾ ಒಬ್ಬ ಮುದುಕನ ಗಟ್ಟಿ ಧ್ವನಿ. ಕೆಳಗೆ ಬರೆದಿದ್ದ: "ಸರ್, ಭಾಷೆ ತಿಳಿವಲ್ದು. ಆದ್ರ ಕೆಮ್ಮಿದ್ದು ಮಾತ್ರ ಕ್ಲಿಯರ್ ಕೇಳಿಸ್ತು. ಫಾರ್ಮ್ ಎಲ್ಲಿ ತುಂಬಬೇಕು?"